ಅನಾಥ ಪ್ರೋಗ್ರಾಂ ಮತ್ತು ಒಂದು ಚಿಟಿಕೆ ಸಕ್ಕರೆ

ಕಂಪ್ಯೂಟರಿನಿಂದ ಹಳೆಯ ಪ್ರೋಗ್ರಾಂ ತೆಗೆಯುವುದು ಕ್ಷಣದ ಕೆಲಸ. ಅದನ್ನು ಜನರ ಕೈಯಿಂದ ತೆಗೆಯಲು ಹೊರಟವನಿಗೆ ಮಾತ್ರ ಇಂಥ ಪ್ರಸಂಗಗಳು ತಪ್ಪಿದ್ದಲ್ಲ.

ನಮ್ಮ ಸಂಸ್ಥೆಯ ನಾಲ್ಕು ಶಾಲೆಗಳ ಲಿನಕ್ಸ್ ಕಂಪ್ಯೂಟರುಗಳ ಉಸ್ತುವಾರಿ ನನ್ನದು. ಅವುಗಳಲ್ಲಿ ಕನ್ನಡ ಟೈಪಿಂಗ್ ಕಲಿಸುವ ಹಳೆಯದೊಂದು ಪ್ರೋಗ್ರಾಂ ಇತ್ತು. ಬರೆದವನು ಕೈಬಿಟ್ಟು ವರ್ಷಗಳಾಗಿದ್ದವು. ನನ್ನದೊಂದು ನಿಯಮ: ದುರಸ್ತಿಯ ಹೊಣೆ ಹೊರುವವರಿಲ್ಲದ ಪ್ರೋಗ್ರಾಂ ಇರಕೂಡದು, ಕಳ್ಳ ನುಗ್ಗುವುದೇ ಅಂಥ ಕಿಂಡಿಯಿಂದ. ಅದನ್ನು ಅಳಿಸಿ ಹೊಸದೊಂದನ್ನು ಹಾಕಲು ಶಾಲೆಗಳಿರುವ ನಾಲ್ಕೂ ಊರುಗಳಿಗೆ ಹೊರಟೆ. ಆದರೆ ಸೋಮವಾರ ಮಕ್ಕಳಿಗೆ ಟೈಪಿಂಗ್ ಪರೀಕ್ಷೆ.

ಇಂಡಿ

ಹೆಡ್‌ಮಾಸ್ತರರು ಕುರ್ಚಿಯಿಂದ ಏಳಲಿಲ್ಲ.

"ಹಳೇದಂತ ತಗೀತೀರೇನ್ರಿ?"

"ಹಳೆಯದೆಂದಲ್ಲ. ಕೆಟ್ಟರೆ ದುರಸ್ತಿ ಮಾಡುವವರಿಲ್ಲ."

"ನನ್ನ ಮೊಣಕಾಲಿಗೂ ಯಾರಿಲ್ರಿ. ಮೊದಲ ನನ್ನ ತಗೀರಿ, ಆಮ್ಯಾಲ ಅದನ್ನ."

ಸಿಂದಗಿ

ಲ್ಯಾಬಿಗೆ ಬೀಗ. ಮಾಸ್ತರರು ಬಾಗಿಲಿಗೆ ಅಡ್ಡ ನಿಂತು, "ಕೀಲಿ ಮದವಿಗೆ ಹೋಗೈತ್ರಿ ಸರ," ಎಂದರು. ಒಳಗಿನಿಂದ ಟಕಟಕ ಸದ್ದು.

"ಅದೇನು?"

"ಇಲಿ ಇರಬೇಕ್ರಿ."

"ಇಲಿಗಳು ಕಿಸಕ್ಕನೆ ನಗುತ್ತವೆಯೇ?"

"ಪರೀಕ್ಷಾ ಹತ್ರ ಬಂತಲ್ರಿ, ಅವಕ್ಕೂ ತಲಿ ಕೆಟ್ಟೈತಿ."

ಮುದ್ದೇಬಿಹಾಳ

ಇಲ್ಲಿ ಯಾರೂ ತಡೆಯಲಿಲ್ಲ. ಅಳಿಸಿದೆ, ಚಹಾ ಕುಡಿದು ಬಂದೆ. ಪ್ರೋಗ್ರಾಂ ಮತ್ತೆ ಅಲ್ಲೇ ಇತ್ತು!

"ನಾನು ಅಳಿಸಿದ್ದೆ," ಎಂದು ಗದರಿದೆ.

"ಹೌದ್ರಿ," ಎಂದರು ಲ್ಯಾಬಿನ ಮಾಸ್ತರರು ಕೈಕಟ್ಟಿ. "ಏನರ ಅಳಿಸೂದಕ್ಕಿಂತ ಮೊದಲ ನಕಲು ಇಟ್ಕೋರಿ ಅಂತ ನೀವ ಕಲಿಸಿದ್ರಲ್ರಿ. ಇಟ್ಕೊಂಡಿದ್ವಿ."

ಬಸವನ ಬಾಗೇವಾಡಿ

ಟೈಪಿಂಗ್ ಕಲಿಸುವ ಅಕ್ಕೋರು ಬಾಗಿಲಲ್ಲೇ, "ಬಾಯಿ ಸಿಹಿ ಮಾಡ್ಕೋರಿ," ಎಂದು ಚಿಟಿಕೆ ಸಕ್ಕರೆ ಕೊಟ್ಟರು. ತಿಂದೆ. ಕಂಪ್ಯೂಟರಿನ ಮುಂದೆ ಕೂತೆ.

ಹುಡುಗಿಯರೆಲ್ಲ ಕೀಬೋರ್ಡಿನಿಂದ ಕೈ ತೆಗೆದು ನನ್ನನ್ನೇ ನೋಡುತ್ತಿದ್ದರು. ಅಕ್ಕೋರ ಮುಖದಲ್ಲಿ ನಗುವಿರಲಿಲ್ಲ.

"ಹೊಸದರಾಗ ಅಕ್ಷರ ಬ್ಯಾರೆ ಬ್ಯಾರೆ ಕಡೆ ಅದಾವ್ರಿ. ಇವರ ಬೆರಳು ಇದಕ್ಕ ಹೊಂದ್ಯಾವ. ಈಗ ತಗದ್ರ ಎಲ್ಲಾರೂ ನಪಾಸ."

"ನಿಯಮ ನಿಯಮವೇ."

"ಹೊಣಿ ಹೊರವರು ಇದ್ರ ಇರಬೌದಲ್ರಿ?"

"ಇರಬಹುದು. ಯಾರಿದ್ದಾರೆ?"

"ನೀವ."

"ನಾನು ಒಪ್ಪಿಲ್ಲ!"

"ಸಕ್ಕರಿ ತಿಂದ್ರಲ್ರಿ! ಮದವಿ ಇರಲಿ, ದತ್ತಕ ಇರಲಿ, ಸಕ್ಕರಿ ತಿಂದಮ್ಯಾಲ ಮಾತು ಮುರಿಯಂಗಿಲ್ಲ. ಪಾಪ, ಅನಾಥ ಕೂಸು. ಇವತ್ತಿಂದ ನಿಮ್ಮದ." ಹುಡುಗಿಯರ ಕಡೆ ತಿರುಗಿದರು. "ಸರ ತಿಂದದ್ದು ನೋಡೀರಿಲ್ಲ?"

"ನೋಡೇವ್ರೀ!"

ನಾನು ಓದಿದ ಕಾನ್ವೆಂಟಿನಲ್ಲಿ ಇದನ್ನು ಕಲಿಸಿರಲಿಲ್ಲ. ಆದರೆ ಕೊಟ್ಟ ಮಾತಿಗೆ ತಪ್ಪಬಾರದೆಂಬುದೂ ನನ್ನ ನಿಯಮವೇ. ಅಂಗಿಯ ತೋಳು ಮಡಚಿ ಅಲ್ಲಿಯೇ ದುರಸ್ತಿಗೆ ಕೂತೆ. ಹಿಂದೆ ಟಕಟಕ ಸದ್ದು ಮತ್ತೆ ಶುರುವಾಯಿತು.

ಅಷ್ಟರಲ್ಲಿ ಫೋನು. ಇಂಡಿಯ ಹೆಡ್‌ಮಾಸ್ತರರು.

"ದತ್ತಕ ತಗೊಂಡ್ರಂತಲ್ರಿ, ಚಲೋ ಆತು! ನಾನೂ ಒಂದು ಕಿಲೋ ಸಕ್ಕರಿ ಕಳಿಸೇನಿ. ತಿಂದುಬಿಡ್ರಿ."

"ಯಾಕೆ?"

"ಮೊಣಕಾಲರಿ!"