ರಜೆ ಇಲ್ಲದ ಪೆಟ್ಟಿಗೆ

ಯಡಿಯೂರಿಗೆ ಹೋಗಿ ಸಿದ್ಧಲಿಂಗೇಶ್ವರನ ಗದ್ದುಗೆಗೆ ಹಣೆ ಹಚ್ಚಬೇಕೆಂಬ ನನ್ನ ಹರಕೆಗೆ ಅಡ್ಡ ನಿಂತದ್ದು ಊಟದ ಡಬ್ಬಿಯಷ್ಟಿರುವ ಒಂದು ಕಪ್ಪು ಪೆಟ್ಟಿಗೆ. ನಮ್ಮ ಯಜಮಾನರು ರುದ್ರೇಶ್ ಅದನ್ನು ತಂದು ಹಾಲಿನ ಮೂಲೆಯಲ್ಲಿ ಪ್ರತಿಷ್ಠಾಪಿಸಿದರು. ಯಾರ್ಯಾರದೋ ಕಂಪ್ಯೂಟರ್ ಫೈಲುಗಳು ಚೂರುಚೂರಾಗಿ ಇಂಥ ನೂರಾರು ಮನೆಗಳ ಪೆಟ್ಟಿಗೆಗಳಲ್ಲಿ ಇರುತ್ತವಂತೆ. ಅವರು ಯಾವಾಗ ಕೇಳಿದರೂ ನಮ್ಮದು ತನ್ನ ಪಾಲಿನ ಚೂರು ಕೊಡಬೇಕು. ಮೊದಲ ಮೂವತ್ತು ದಿನ ಪರೀಕ್ಷೆ. ನಡುವೆ ಒಂದು ಗಂಟೆ ಮೂರ್ಛೆ ಹೋದರೂ ಮತ್ತೆ ಒಂದರಿಂದ ಎಣಿಕೆ.

“ಅಲ್ಲಿವರೆಗೂ ಮನೆ ಖಾಲಿ ಬಿಡೋ ಹಾಗಿಲ್ಲ. ಪರೀಕ್ಷೆ ಮುಗಿದ ಮೇಲೆ ಬರೋ ಭಾನುವಾರವೇ ಯಡಿಯೂರು,” ಎಂದರು.

ಕರೆಂಟು ಹೋದೀತೆಂದು ಇನ್ವರ್ಟರ್ ಬಂತು. ಬಿಸಿಯಾದೀತೆಂದು ನನ್ನ ಟೇಬಲ್ ಫ್ಯಾನು ಅದರ ಪಾಲಾಯಿತು. (ನಾನು ಹನ್ನೊಂದು ವರ್ಷದಿಂದ ವೈಟ್‌ಫೀಲ್ಡಿನ ಈ ಅಡುಗೆಮನೆಯಲ್ಲಿ ಬೇಯುತ್ತಿದ್ದೇನೆ, ಇರಲಿ.) ದಿನಾ ಸಂಜೆ ಅದರ ಸ್ಥಿರತೆಯ ಮೇಲೆ ಪ್ರವಚನ. ತಾಳ್ಮೆಯಿಂದ ಕೇಳಿದೆ.

ಇಪ್ಪತ್ತೊಂಬತ್ತನೆಯ ದಿನ ಆಯುಧ ಪೂಜೆ. ಆಫೀಸಿನ ಪೂಜೆಗೆ ಹೊರಟವರು, “ಶೈಲಾ, ಏನೇ ಆಗ್ಲಿ, ಆ ಪೆಟ್ಟಿಗೆ ಮಾತ್ರ ಆಫ್ ಮಾಡ್ಬೇಡ,” ಎಂದರು.

“ಮಾಡಲ್ಲ ಕಣ್ರೀ.”

ದುಡಿದ ಯಂತ್ರಕ್ಕೆ ವರ್ಷಕ್ಕೊಂದು ದಿನ ವಿಶ್ರಾಂತಿ ಕೊಡುವುದು ನಮ್ಮ ಮನೆತನದ ಪದ್ಧತಿ. ಮಿಕ್ಸಿ, ಗ್ರೈಂಡರ್, ಇಸ್ತ್ರಿಪೆಟ್ಟಿಗೆ ಎಲ್ಲವನ್ನೂ ಒರೆಸಿ, ವಿಭೂತಿ ಹಚ್ಚಿ ಸಾಲಾಗಿ ಕೂರಿಸಿದೆ. ಗೋಡೆಯ ಮೇಲಿದ್ದ ಎರಡು ಕೊಂಬಿನ ವೈಫೈ ಡಬ್ಬಿ, ಪಾಪ, ವರ್ಷವಿಡೀ ಕಣ್ಣು ಮುಚ್ಚಿಲ್ಲ. ಅದನ್ನೂ ಬಿಚ್ಚಿ ತಂದು ಹೂವಿಟ್ಟೆ. ಕಪ್ಪು ಪೆಟ್ಟಿಗೆಗೆ ದೂರದಿಂದಲೇ ಆರತಿ.

ತಾಂಬೂಲಕ್ಕೆ ಬಂದ ಮನೆ ಓನರಮ್ಮ ಭದ್ರಮ್ಮ ಕೇಳಿದರು, “ಇದ್ಯಾಕಮ್ಮ, ಇದೊಂದು ಇನ್ನೂ ಮಿಣಮಿಣ ಅಂತೈತೆ?”

“ಅದಕ್ಕೆ ರಜೆ ಇಲ್ಲ, ಭದ್ರಮ್ಮೋರೆ.”

“ಅಂಗಾದ್ರೆ ಹೆಣ್ಣುಜನ್ಮ ಅನ್ನು.”

ಸಂಜೆ ಯಜಮಾನರು ಬಂದು ನನ್ನ ಯಂತ್ರಗಳ ಸಾಲನ್ನು ನೋಡಿ ಸೋಫಾದ ಮೇಲೆ ಕುಸಿದರು.

“ಪೆಟ್ಟಿಗೆ ಆನ್ ಇದೆಯಲ್ರೀ. ದೀಪ ನೋಡಿ.”

“ದೀಪ ಇದೆ ಕಣೇ. ಶಟರ್ ಎಳ್ಕೊಂಡು ಒಳಗೆ ಲೈಟ್ ಹಾಕ್ಕೊಂಡು ಕೂತ್ರೆ ಅಂಗಡಿ ತೆಗೆದಂಗಾ? ಬೆಳಗ್ಗೆಯಿಂದ ಊರೋರೆಲ್ಲ ಕೇಳಿದಾರೆ, ವೈಫೈ ಇಲ್ದೆ ಇದು ಒಬ್ಬರಿಗೂ ಓಗೊಟ್ಟಿಲ್ಲ. ಇನ್ನು ಮತ್ತೆ ಒಂದರಿಂದ ಎಣಿಕೆ.”

“ಹಾಗಾದ್ರೆ ಯಡಿಯೂರು?”

ಅವರು ವೈಫೈ ಡಬ್ಬಿಯನ್ನು ಹೂವಿನ ಸಮೇತ ಮತ್ತೆ ಗೋಡೆಗೆ ಸಿಕ್ಕಿಸಿದರು. “ಪಕ್ಕದ ಮನೆ ಗೋಪಾಲಪ್ಪನೋರ ಕಾರಲ್ಲಿ ಜೊತೆಗೆ ಬರ್ತೀವಿ ಅಂದಾಗಿದೆ. ಭದ್ರಮ್ಮೋರೂ ತಯಾರಾಗಿದಾರೆ. ನಾನು ಹೋಗಿ ನಿನ್ನ ಹೆಸರಲ್ಲಿ ಕಾಯಿ ಒಡೆಸ್ಕೊಂಡು ಬರ್ತೀನಿ. ಮನೇಲಿ ಒಬ್ರು ಇರ್ಲೇಬೇಕು ನೋಡು. ಏನೇನು ಆಫ್ ಮಾಡಬಾರದು ಅಂತ ಈಗ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು?”

ಭಾನುವಾರ ಮಧ್ಯಾಹ್ನ ಗೋಪುರದ್ದು, ದಾಸೋಹದ ಪಾಯಸದ್ದು, ಅದನ್ನು ಭದ್ರಮ್ಮ ಎರಡನೇ ಸಲ ಹಾಕಿಸಿಕೊಂಡದ್ದು ಎಂದು ಹದಿನಾಲ್ಕು ಫೋಟೋ ಕಳಿಸಿದರು. ಒಂದೂ ತಡವಾಗಲಿಲ್ಲ. ಮನೆಯಲ್ಲಿ ನೆಟ್ ಅಷ್ಟು ಚೆನ್ನಾಗಿತ್ತು.