ಹದಿಮೂರಕ್ಕೆ ಹದಿಮೂರು

ನಮ್ಮ ಕ್ಲಬ್ಬಿನ ಇಸ್ಪೀಟು ಬ್ರಿಜ್ ತಂಡದಲ್ಲಿ ಖಾಲಿ ಬಿದ್ದಿದ್ದ ನಾಲ್ಕನೆಯ ಕುರ್ಚಿ ನನ್ನದೇ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ರಸಾಯನಶಾಸ್ತ್ರದ ಪದವೀಧರ, ಸಂಭವನೀಯತೆಯ ಲೆಕ್ಕ ಬಾಯಿಪಾಠ, ಸಾಲದ್ದಕ್ಕೆ ಹೆಂಡತಿಗೆ ಆಟ ಕಲಿಸಿದ ಗುರು. ಇನ್ನೇನು ಬೇಕು? ಶನಿವಾರದ ಆಟ ನೋಡಿ ಒಬ್ಬರನ್ನು ಆರಿಸುವುದಾಗಿ ಕಾರ್ಯದರ್ಶಿಗಳಾದ ಹಲ್ಲಿನ ಡಾಕ್ಟರು ಹೇಳಿದ್ದರು.

"ಒಬ್ಬರು ಅಂದ್ರೆ ನಾನೂ ಆಗಬಹುದಲ್ವಾ?" ಎಂದಳು ಹೆಂಡತಿ, ಬಾಗಿಲಿಗೆ ಬೀಗ ಹಾಕುತ್ತಾ. "ನಂಗೂ ತುಂಬಾ ಆಸೆ ಇದೆ ಕಣ್ರೀ."

"ಆಸೆ ಇರ್ಲಿ. ಮೊದಲು ನಿಯಮ ನೆನಪಿಟ್ಕೋ."

ದಾರಿಯುದ್ದಕ್ಕೂ ಬೋಧಿಸಿದೆ. ಇದು ಡೂಪ್ಲಿಕೇಟ್ ಬ್ರಿಜ್. ಒಂದು ಸಲ ಹಂಚಿದ ಎಲೆಗಳನ್ನೇ ಎಲ್ಲ ಮೇಜಿನವರೂ ಸರದಿಯಲ್ಲಿ ಆಡಬೇಕು. ಯಾರು ಚೆನ್ನಾಗಿ ಆಡಿದರೆಂದು ಕೊನೆಗೆ ಹೋಲಿಸುತ್ತಾರೆ. ಹಾಗಾಗಿ ಆಟ ಮುಗಿದೊಡನೆ ನಾಲ್ವರ ಎಲೆಗಳೂ ನಾಲ್ಕು ಖಾನೆಯ ತಟ್ಟೆಗೆ ಇದ್ದ ಹಾಗೇ ಹೋಗಬೇಕು, ತಟ್ಟೆ ಪಕ್ಕದ ಮೇಜಿಗೆ. ಅಪ್ಪಿತಪ್ಪಿಯೂ ಕಲಸಬಾರದು.

"ಗೊತ್ತು ರೀ," ಎಂದಳು. ಗೊತ್ತಿರಲಿ ಎಂದು ಇನ್ನೊಮ್ಮೆ ಹೇಳಿದೆ.

ನಮ್ಮ ಮೊದಲ ಎದುರಾಳಿಗಳು ಬೀದಿ ಕೊನೆಯ ಟೈಲರ್ ಮತ್ತು ಅವರ ಅಕ್ಕ. ಎಲೆ ಕೈಗೆತ್ತಿಕೊಂಡ ಹೆಂಡತಿ, "ಏಳು ಆಟೀನು," ಎಂದುಬಿಟ್ಟಳು. ಬ್ರಿಜ್‌ನಲ್ಲಿ ಏಳು ಎಂದರೆ ಆರರ ಮೇಲೆ ಏಳು; ಹದಿಮೂರು ಸುತ್ತಿನಲ್ಲಿ ಒಂದನ್ನೂ ಬಿಡದೆ ಗೆಲ್ಲುತ್ತೇನೆಂಬ ಸವಾಲು! ಜೊತೆಗಾರನಾದ ನಾನು ಎಲೆ ಮೇಜಿನ ಮೇಲೆ ಬಿಚ್ಚಿಟ್ಟು ಡಮ್ಮಿಯಾದೆ; ನನ್ನ ಎಲೆಗಳನ್ನೂ ಅವಳೇ ಆಡುವುದು. ಡಮ್ಮಿ ಬಾಯಿ ಬಿಡುವಂತಿಲ್ಲ. ಮದುವೆಯಾದಾಗಿನಿಂದ ಅಭ್ಯಾಸವಿದ್ದರೂ ಅಂದು ಕಷ್ಟವಾಯಿತು. ಎಲ್ಲವೂ ನಿಂತಿದ್ದದ್ದು ನಮ್ಮಿಬ್ಬರ ಬಳಿಯೂ ಇಲ್ಲದ ಆಟೀನು ರಾಣಿಯ ಮೇಲೆ. ನನ್ನ ಲೆಕ್ಕದಂತೆ ಅದು ಅಕ್ಕನ ಬಳಿ. ಇವಳು ಟೈಲರ್ ಬಳಿಯಿದೆಯೆಂದು ನಂಬಿ ಆಡಿದಳು. ರಾಣಿ ಅಲ್ಲೇ ಸಿಕ್ಕಿಬಿದ್ದಳು. ಹದಿಮೂರಕ್ಕೆ ಹದಿಮೂರು!

"ಹೇಗೆ ಗೊತ್ತಾಯ್ತು?" ಎಂದು ಪಿಸುಗುಟ್ಟಿದೆ.

"ಆ ಅಕ್ಕ ಆರಾಮಾಗಿ ಒರಗಿ ಕೂತಿದ್ರು. ರಾಣಿ ಕೈಲಿದ್ದವರು ಹಾಗೆ ಕೂರಲ್ಲ," ಎಂದು ನೀರು ಕುಡಿಯಲು ಹೋದಳು. ಎದುರಾಳಿಗಳೂ ಎದ್ದರು.

ಫಲಿತಾಂಶ ಬಂದರೆ ಸಾಕೇ? ಕಾರಣ ತಿಳಿಯಬೇಡವೇ? ತಟ್ಟೆಯಿಂದ ಎಲೆಗಳನ್ನೆಲ್ಲ ತೆಗೆದು ಹರಡಿ ಅಧ್ಯಯನ ಮಾಡಿದೆ. ಆಮೇಲೆ ಸಂತೋಷದಲ್ಲಿ ಕೈ ತನ್ನಷ್ಟಕ್ಕೆ ಮನೆಯ ಅಭ್ಯಾಸಕ್ಕೆ ಹೊರಳಿತು. ಕೂಡಿಸಿದೆ, ಕಲಸಿದೆ, ಖಾನೆಗೆ ಹದಿಮೂರರಂತೆ ಹಂಚಿ, ಎಣಿಸಿ ನೋಡಿ, ತಟ್ಟೆ ದಾಟಿಸಿದೆ. ಲೆಕ್ಕ ಸರಿಯಾಗಿತ್ತು.

ಕೊನೆಗೆ ಡಾಕ್ಟರು ಫಲಿತಾಂಶ ಓದುತ್ತಾ ತಡವರಿಸಿದರು. "ಇದೇನಿದು? ಇವರ ಮೇಜಲ್ಲಿ ಹದಿಮೂರು, ಅದೇ ಎಲೆಗಳಲ್ಲಿ ಬೇರೆ ಯಾರೂ ಐದು ದಾಟಿಲ್ಲ. ಆಟೀನು ಎಕ್ಕ ಟೈಲರ್ ಖಾನೇಲಿದೆ!"

"ನಂಗೆ ಎಕ್ಕ ಬಂದೇ ಇರ್ಲಿಲ್ಲ ಡಾಕ್ಟ್ರೇ," ಎಂದರು ಟೈಲರ್. "ಬಂದಿದ್ರೆ ಹಿಂಗೆ ಬಟ್ಟೆ ಹರಿಸ್ಕೊಂಡು ಎದ್ದು ಬರ್ತಿದ್ನಾ?"

ನಾನು ಮೆಲ್ಲಗೆ ಕೈ ಎತ್ತಿದೆ. "ನಾನು... ಸ್ವಲ್ಪ ಕಲಸಿದೆ."

"ಸ್ವಲ್ಪ ಅಂದ್ರೆ?"

"ಏಳು ಸಲ. ಅಷ್ಟು ಕಲಸಿದ್ರೇನೇ ಸರಿಯಾಗಿ ಬೆರೆಯೋದು."

ಹೆಂಡತಿ ನನ್ನತ್ತ ತಿರುಗಿದಳು. "ಆಟ ಕಲಿಸಿದ್ದು ನಾನೇ ಅಂತ ಊರಿಗೆಲ್ಲ ಹೇಳ್ಕೊಂಡು ಬಂದ್ರಿ. ನೀವು ಕಲಿಸಿದ್ದಲ್ಲ ರೀ, ಕಲಸಿದ್ದು."

ಆ ಆಟ ರದ್ದಾಯಿತು. ಅವಳು ಚೀಲದ ಜಿಪ್ ಎಳೆದುಕೊಂಡಳು. ಆ ಮುಖ ನೋಡಲಾರದೆ ಎದ್ದು ನಿಂತೆ. "ಡಾಕ್ಟ್ರೇ, ಐವತ್ತೆರಡು ಎಲೆನೂ ನನಗೆ ನೆನಪಿದೆ. ಮತ್ತೆ ಜೋಡಿಸಿ ಕೊಡ್ತೀನಿ. ಇವಳ ಜಾಗದಲ್ಲಿ ಕೂತು ನೀವೇ ಆಡಿ ನೋಡಿ."

ಜೋಡಿಸಿದೆ. ಟೈಲರೂ ಅಕ್ಕನೂ ತಮ್ಮ ಎಲೆ ನೋಡಿ ಹೌದೆಂದರು. ಡಾಕ್ಟರು ಕನ್ನಡಕ ಒರೆಸಿಕೊಂಡು ಆಡಿದರು. ರಾಣಿಯ ಸರದಿ ಬಂದಾಗ ಬಹಳ ಯೋಚಿಸಿ, ನನ್ನದೇ ಲೆಕ್ಕ ಹಾಕಿ, ಅದು ಅಕ್ಕನ ಬಳಿಯೆಂದು ನಂಬಿ ಕೆಟ್ಟರು. ಹನ್ನೆರಡು!

ಅವರು ನಿಧಾನವಾಗಿ ಎದ್ದು ಹೆಂಡತಿಗೆ ಕೈಮುಗಿದರು. "ತಂಡದ ಕುರ್ಚಿ ನಿಮ್ದೇ ಮೇಡಂ."

ಅವಳ ಮುಖ ಅರಳಿದ್ದನ್ನು ನೋಡಿ ನನಗೂ ಧೈರ್ಯ ಬಂತು. "ಮತ್ತೆ ನಾನು?"

"ನೀವಿಲ್ದೆ ಆಗುತ್ತಾ?" ಎಂದರು ಡಾಕ್ಟರು. ನನ್ನ ಎದೆ ಉಬ್ಬಿತು. "ಪಂದ್ಯದ ದಿನ ಆಟಕ್ಕೆ ಮೊದಲು ಎಲೆ ಕಲಸೋಕೆ ಒಬ್ಬರು ಬೇಕೇ ಬೇಕು. ಕಲಸಿದ ಮೇಲೆ ಮಾತ್ರ ದಯವಿಟ್ಟು ಮನೆಗೆ ಹೊರಟುಬಿಡಿ."