ಮೂರು ನಿಮಿಷದಲ್ಲಿ ನನ್ನ ಮಗಳನ್ನು ಗುಣಪಡಿಸಿದ ಡಾಕ್ಟರ ಸಾಹೇಬರಿಗೆ

ಅಂಗವಿಕಲರ ಪ್ರಮಾಣಪತ್ರದ ಶಿಬಿರದಲ್ಲಿ, ಹಾನಗಲ್ಲಿನ ಕಲ್ಯಾಣ ಮಂಟಪದೊಳಗೆ, ಮೂರನೆಯ ಮೇಜನ್ನು ಅಲಂಕರಿಸಿದ್ದ ಡಾಕ್ಟರ ಸಾಹೇಬರ ಸನ್ನಿಧಾನಕ್ಕೆ ಸವಣೂರಿನ ವೀಳ್ಯದೆಲೆ ವ್ಯಾಪಾರಿ ಗೋಣೆಪ್ಪ ಎಲಿಗಾರನ ಅನಂತಾನಂತ ನಮಸ್ಕಾರಗಳು.

ಮಾನ್ಯರೇ,

ತಾವು ಆರೋಗ್ಯವಾಗಿದ್ದೀರೆಂದು ಧೈರ್ಯವಾಗಿ ಬರೆಯುತ್ತೇನೆ, ಏಕೆಂದರೆ ಆರೋಗ್ಯ ಸರಿಯಿಲ್ಲದವರು ಬೆಳಿಗ್ಗೆ ಹತ್ತಕ್ಕೆ ಕುಳಿತು, ಅರವತ್ತೆಂಟು ಜನರನ್ನು ನೋಡಿ ಮುಗಿಸಿ, ಒಂದೂವರೆಗೆಲ್ಲ ಕೈ ತೊಳೆದುಕೊಳ್ಳಲಾರರು. ಈ ಪತ್ರವನ್ನು ಇಂಗ್ಲಿಷಿನಲ್ಲಿಯೇ ಬರೆಯಬೇಕೆಂದಿದ್ದೆ. ಧಾರವಾಡದಲ್ಲಿ ಬಿ.ಎ. ಎರಡನೆಯ ವರ್ಷದವರೆಗೆ ಓದಿದವನು ನಾನು. ಆದರೆ ‘ವಿತ್ ಡ್ಯೂ ರೆಸ್ಪೆಕ್ಟ್ ಐ ಬೆಗ್ ಟು ಸ್ಟೇಟ್’ ಎಂಬ ಮೊದಲ ಸಾಲೂ ‘ಕೈಂಡ್ಲಿ ಡೂ ದಿ ನೀಡ್‌ಫುಲ್’ ಎಂಬ ಕೊನೆಯ ಸಾಲೂ ಮಾತ್ರ ನೆನಪಿನಲ್ಲಿ ಉಳಿದು, ನಡುವಿನದೆಲ್ಲ ಎಲೆಯ ಪೆಂಡಿಗಳ ಕೆಳಗೆ ಎಲ್ಲೋ ಸಿಕ್ಕಿಬಿದ್ದಿರುವುದರಿಂದ ಕನ್ನಡಕ್ಕೇ ಬಂದಿದ್ದೇನೆ, ಕ್ಷಮಿಸಬೇಕು.

ತಮಗೆ ನನ್ನ ಮಗಳು ನೀಲಾಂಬಿಕಾಳ ನೆನಪಿರಲಿಕ್ಕಿಲ್ಲ. ವಯಸ್ಸು ಇಪ್ಪತ್ತೆರಡು, ಆಟಿಸಂ. ಅದರ ಅರ್ಥ ತಮಗೆ ಪುಸ್ತಕದಲ್ಲಿ ಸಿಕ್ಕಿರುತ್ತದೆ, ನಮಗೆ ಮನೆಯಲ್ಲಿ ಸಿಕ್ಕಿತು. ಕುಕ್ಕರ್ ಸೀಟಿ ಹೊಡೆದರೆ ಆಕೆ ಕಿವಿ ಮುಚ್ಚಿಕೊಂಡು ಹಿತ್ತಲಿಗೆ ಓಡುತ್ತಾಳೆ, ಆದ್ದರಿಂದ ಹದಿನೈದು ವರ್ಷದಿಂದ ನಮ್ಮ ಮನೆಯಲ್ಲಿ ಬೇಳೆ ಪಾತ್ರೆಯಲ್ಲೇ ಬೇಯುತ್ತದೆ. ಬಾಗಿಲ ಚಿಲಕ ಮರೆತರೆ ಬಂಕಾಪುರದ ದಾರಿ ಹಿಡಿದು ನಡೆದುಬಿಡುತ್ತಾಳೆ. ಎರಡು ಸಲ ಹೀಗಾಗಿ, ಎರಡೂ ಸಲ ಪುಣ್ಯಾತ್ಮರು ಯಾರೋ ಕರೆತಂದು ಬಿಟ್ಟರು. ಒಮ್ಮೆ ಎಂಟು ದಿನ ತಲೆಯನ್ನು ಗೋಡೆಗೆ ಬಡಿದುಕೊಂಡಳು. ಹಟವೆಂದು ನಾನು ಗದರಿಸಿದೆ. ಒಂಬತ್ತನೆಯ ದಿನ ಕೆನ್ನೆ ಊದಿದಾಗ ತಿಳಿಯಿತು, ಹಲ್ಲಿನ ಬುಡದಲ್ಲಿ ಕೀವಾಗಿತ್ತು. ಅಲ್ಲಿ ನೋಯುತ್ತಿದೆ ಎಂದು ತೋರಿಸಲು ಆಕೆಗೆ ಬರುವುದಿಲ್ಲ.

ಬರುವುದು ಒಂದಿತ್ತು. ನನ್ನ ಹೆಂಡತಿ ಸರೋಜವ್ವ, ಈಗ ನಾಲ್ಕು ವರ್ಷದ ಹಿಂದೆ ತೀರಿಕೊಂಡವಳು, ಮನೆಗೆ ಬಂದವರನ್ನು ‘ಬರ್ರಿ’ ಎನ್ನದ ಹೆಣ್ಣುಮಗಳು ನಮ್ಮಲ್ಲಿ ಇರಕೂಡದೆಂದು ನಿಶ್ಚಯಿಸಿ, ಮಗಳ ಬೆನ್ನ ಹಿಂದೆ ನಿಂತು, ಭುಜ ಹಿಡಿದು, ಆರು ವರ್ಷ ಮೂರು ಮಾತು ಕಲಿಸಿದಳು: ‘ಬರ್ರಿ. ಕುಂತ್ರಿ. ಊಟಾ ಮಾಡ್ಕೊಂಡ ಹೋಗ್ರಿ.’ ನೀಲಾ ಅದನ್ನು ಪೋಸ್ಟಿನವರಿಗೂ ಅಂದಳು, ಕರೆಂಟಿನ ಮೀಟರ್ ನೋಡಲು ಬಂದವರಿಗೂ ಅಂದಳು, ಅಂಗಳಕ್ಕೆ ನುಗ್ಗಿದ ನಮ್ಮ ಓಣಿಯ ಶಹಾಬುದ್ದೀನ ಸಾಹೇಬರ ಆಡಿಗೂ ಅಂದಳು. ಆಡು ಕುಳಿತು ಊಟ ಮಾಡಿಕೊಂಡೇ ಹೋಯಿತು.

ಐದು ವರ್ಷದ ಅವಧಿ ತೀರಿತೆಂದು, ಅಂದರೆ ನನ್ನ ಮಗಳು ಇನ್ನೂ ನನ್ನ ಮಗಳಂತೆಯೇ ಇದ್ದಾಳೆಂದು ಸರ್ಕಾರಕ್ಕೆ ಪುನಃ ಸಾಬೀತು ಮಾಡಲು, ತಮ್ಮ ಶಿಬಿರಕ್ಕೆ ಬಂದೆವು. ಕಲ್ಯಾಣ ಮಂಟಪದಲ್ಲಿ ಹಿಂದಿನ ದಿನದ ಮದುವೆಯ ಮಾವಿನ ತೋರಣ ಹಾಗೇ ಇತ್ತು. ಮಂಟಪವೆಂದರೆ ಮದುವೆ, ಮದುವೆಯೆಂದರೆ ಬಂದವರನ್ನು ಬರ್ರಿ ಎನ್ನಬೇಕು, ಇದು ಆಕೆಯ ಶಾಸ್ತ್ರ. ತಮ್ಮ ಮೇಜಿನ ಮುಂದೆ ನಿಂತು, ಆಗಲೇ ಕುಳಿತಿದ್ದ ತಮಗೆ ಕುಂತ್ರಿ ಎಂದಳು, ಊಟಾ ಮಾಡ್ಕೊಂಡ ಹೋಗ್ರಿ ಎಂದಳು. ತಾವು ಪ್ರಸನ್ನರಾಗಿ, ‘ಅಬಬಬ, ಎಷ್ಟ ಚಲೋ ಮಾತಾಡ್ತಾಳ್ರಿ! ಇಷ್ಟ ಶಾಣ್ಯಾ ಹುಡಿಗಿಗೆ ಏನಾಗೇತ್ರಿ?’ ಎಂದಿರಿ. ‘ಸಾಹೇಬ್ರ, ಆಕಿಗೆ ಬರೂದು ಅದಿಷ್ಟ ರೀ, ಇನ್ನೊಂದ ಏನರ ಕೇಳಿ ನೋಡ್ರಿ’ ಎಂದೆ. ತಾವು ‘ನೆಕ್ಸ್ಟ್’ ಎಂದಿರಿ.

ಮೊದಲಿನ ಪ್ರಮಾಣಪತ್ರದಲ್ಲಿ ಅಂಗವಿಕಲತೆ ನೂರಕ್ಕೆ ಅರವತ್ತೈದು ಎಂದಿತ್ತು. ತಾವು ಮೂವತ್ತೈದು ಎಂದು ಬರೆದಿರಿ. ಮಾನ್ಯರೇ, ಇದು ಮಿರಾಕಲ್ ಅಲ್ಲದೆ ಮತ್ತೇನು? ಹುಬ್ಬಳ್ಳಿಯ ಡಾಕ್ಟರರು, ತಡಸದ ತಾಯತದವರು, ತಲೆಗೆ ಎಣ್ಣೆ ತಿಕ್ಕಿದವರು, ನನ್ನ ಹೆಂಡತಿಯ ಸೋಮವಾರದ ಉಪವಾಸಗಳು, ಇವೆಲ್ಲ ಸೇರಿ ಇಳಿಸಲಾಗದ ಮೂವತ್ತನ್ನು ತಾವು ಔಷಧವಿಲ್ಲದೆ, ಮುಟ್ಟದೆ, ಹೆಸರನ್ನೂ ಕೇಳದೆ ಇಳಿಸಿದಿರಿ. ಇನ್ನೆರಡು ಶಿಬಿರಗಳಾದರೆ ಆಕೆ ಸೊನ್ನೆಗಿಂತ ಕೆಳಗಿಳಿದು, ನನಗಿಂತ, ಪ್ರಾಯಶಃ ತಮಗಿಂತಲೂ ನಾರ್ಮಲ್ ಆಗಿ, ತಮ್ಮ ಪಕ್ಕದ ಕುರ್ಚಿಯಲ್ಲೇ ಕುಳಿತು ಮಂದಿಗೆ ಪರ್ಸೆಂಟ್ ಹಾಕುವ ದಿನ ದೂರವಿಲ್ಲ. ತಮ್ಮ ಈ ವಿದ್ಯೆಯನ್ನು ದಯಮಾಡಿ ವಿಸ್ತರಿಸಬೇಕೆಂದು ಪ್ರಾರ್ಥನೆ: ನಮ್ಮೂರ ರಸ್ತೆಯ ಗುಂಡಿಗಳ ಮುಂದೆಯೂ ಮೂರು ನಿಮಿಷ ಕುಳಿತುಕೊಳ್ಳಿರಿ, ನನ್ನ ಮೊಣಕಾಲಿನ ಮುಂದೆಯೂ ಕುಳಿತುಕೊಳ್ಳಿರಿ. ಸತ್ತವರನ್ನು ಮೂವತ್ತು ಪರ್ಸೆಂಟಿನಷ್ಟು ತಿರುಗಿ ಕಳಿಸುವ ಅಧಿಕಾರ ತಮ್ಮ ವೈದ್ಯಕೀಯ ಮಂಡಳಿಗೆ ಇದ್ದರೆ, ಬೆಳಗಿನ ಹೊತ್ತು ಮಾತ್ರ ಸಾಕು, ಸರೋಜವ್ವನನ್ನು ಮಂಜೂರು ಮಾಡಿರಿ.

ತಮ್ಮ ಚಿಕಿತ್ಸೆಯ ಫಲ ಕೂಡಲೇ ಕಾಣಿಸಿತು. ನನ್ನ ಅಕ್ಕ ಸುದ್ದಿ ಕೇಳಿ ಓಡಿಬಂದು, ‘ಸರ್ಕಾರದವ್ರ ಬರಕೊಟ್ಟಾರಂದ್ರ ಇನ್ನ ಯಾಕ ತಡಾ? ಒಂದ ವರಾ ನೋಡು’ ಎಂದಳು. ಶಿಗ್ಗಾವಿಯ ಹಗಲು ತರಬೇತಿ ಕೇಂದ್ರದಲ್ಲಿ, ನೀಲಾ ದಿನವೂ ನನ್ನ ಜೊತೆ ಬಸ್ಸಿನಲ್ಲಿ ಹೋಗುವ ಕಡೆ, ಆಕೆಯ ಶಿಕ್ಷಕಿ ಮಹೆಕ ಮೇಡಂ ಕಾಗದ ನೋಡಿ ತಲೆಯ ಮೇಲೆ ಕೈ ಹೊತ್ತು ಕುಳಿತರು. ‘ನಲವತ್ತರ ಕೆಳಗ ಇದ್ರ ಹೆಸರು ಉಳಸಾಕ ಬರೂದಿಲ್ರಿ ಕಾಕಾ. ತಿಂಗಳ ಆಖರಿ ತನಕ ನಾ ಹೆಂಗರ ಹಿಡಿದಿಡ್ತೇನಿ. ಅಷ್ಟರಾಗ ಮರುಪರೀಕ್ಷೆ ಮಾಡಸ್ರಿ.’

ಆ ಕೇಂದ್ರ ನನಗೆ ಏಕೆ ಬೇಕೆಂದು ತಾವು ಕೇಳಲಿಲ್ಲ, ನಾನೇ ಹೇಳುತ್ತೇನೆ, ನಾಚಿಕೆ ಬಿಟ್ಟು. ತಾಯಿ ತೀರಿಕೊಂಡ ಮೇಲೆ ಪ್ರಾಯದ ಮಗಳಿಗೆ ತಿಂಗಳ ನಾಲ್ಕು ದಿನ ಹೇಗೆ ಸಂಭಾಳಿಸಿಕೊಳ್ಳಬೇಕೆಂದು ಕಲಿಸಲು ಅರವತ್ತಾರರ ಅಪ್ಪನಿಂದ ಆಗುವುದಿಲ್ಲ. ಮಹೆಕ ಮೇಡಂ ಕಲಿಸುತ್ತಿದ್ದರು. ಹದಿನೆಂಟು ತಿಂಗಳಲ್ಲಿ ಅರ್ಧ ಬಂದಿತ್ತು. ಇನ್ನರ್ಧ ಉಳಿದಿತ್ತು.

ಇಂಥ ಹೊತ್ತಿನಲ್ಲಿ ತಮ್ಮ ಮಂಡಳಿಯ ನಿಜವಾದ ಪಂಡಿತ, ಝೆರಾಕ್ಸ್ ಅಂಗಡಿಯಲ್ಲಿ ಅರ್ಜಿ ತುಂಬಿಕೊಡುವ ಮಂಜಪ್ಪ, ನನಗೆ ಉಪದೇಶ ಮಾಡಿದ. ‘ಕಾಕಾ, ನೀವು ಆಕಿನ್ನ ಶಿಂಗಾರ ಮಾಡಿ, ಹೊಟ್ಟಿ ತುಂಬಿಸಿ ಕರಕೊಂಡ ಹೋದ್ರ ಅವರಿಗೆ ಏನ ತಿಳೀಬೇಕ್ರಿ? ಅವತ್ತ ಮುಂಜಾನಿ ಏನೂ ತಿನ್ನಾಕ ಕೊಡಬ್ಯಾಡ್ರಿ. ಆಕಿಗೆ ಆಗದಂಥಾ ಅರಿವಿ ಹಾಕ್ರಿ. ಉಳಿದದ್ದು ಆಕಿನ ಮಾಡ್ತಾಳ. ಎಲ್ಲಾರೂ ಹಂಗ ಮಾಡ್ತಾರ್ರಿ.’ ನಾನು ಅವನಿಗೆ ಬಾಯಿಗೆ ಬಂದಂತೆ ಬೈದು ಮನೆಗೆ ಬಂದೆ. ಬಂದು ಟ್ರಂಕು ತೆಗೆದು, ಕುತ್ತಿಗೆಗೆ ಜರಿ ಚುಚ್ಚುತ್ತದೆಂದು ಆಕೆ ಎರಡು ವರ್ಷದ ಹಿಂದೆ ಹರಿದೊಗೆಯಲು ಹೋಗಿದ್ದ ಚೂಡಿದಾರವನ್ನು ಹುಡುಕಿದೆ.

ಮರುಪರೀಕ್ಷೆ ಹಿರೇಕೆರೂರಿನ ಶಿಬಿರದಲ್ಲಿ, ಪುನಃ ತಮ್ಮ ಮುಂದೆಯೇ ಇತ್ತು. ನೀಲಾ ದಿನವೂ ಏಳು ಗಂಟೆಗೆ ತನ್ನ ತಟ್ಟೆಯನ್ನು ತಾನೇ ತಂದು ಒಲೆಯ ಮುಂದೆ ಇಡುತ್ತಾಳೆ, ಶೇಂಗಾ ಹಾಕದ ಒಗ್ಗರಣೆ ಅವಲಕ್ಕಿಗೆ. ಅಂದೂ ಇಟ್ಟಳು. ನಾನು ಎತ್ತಿ ಮೇಲಿಟ್ಟೆ. ತಿರುಗಿ ತಂದಿಟ್ಟಳು. ನಾನು ತಿರುಗಿ ಎತ್ತಿಟ್ಟೆ. ಐದನೆಯ ಸಲ ತಟ್ಟೆಯನ್ನು ಅಟ್ಟದ ಮೇಲೆ ಇಟ್ಟು, ಆಕೆಗೆ ಜರಿಯ ಚೂಡಿದಾರ ಹಾಕಲು ಪಕ್ಕದ ಮನೆಯ ವಾಣಿಶ್ರೀಯನ್ನು ಕರೆದೆ. ಆಕೆ ಹಾಕಿಕೊಟ್ಟು ನನ್ನ ಮುಖ ನೋಡದೆ ಹೊರಟುಹೋದಳು.

ಮುಂದಿನದು ತಮಗೆ ಗೊತ್ತಿದೆ, ಏಕೆಂದರೆ ಆ ದಿನ ತಾವು ಮೊದಲ ಬಾರಿಗೆ ತಲೆಯೆತ್ತಿ ನೋಡಿದಿರಿ. ಆಕೆ ಬಸ್ಸಿನಿಂದಲೇ ಚೀರುತ್ತ ಬಂದಿದ್ದಳು. ತಮ್ಮ ಮುಂದೆ ಮಣಿಕಟ್ಟನ್ನು ಕಚ್ಚಿಕೊಂಡು ಬಿಡಲೇ ಇಲ್ಲ. ತಮ್ಮ ರಿಜಿಸ್ಟರಿನ ಮೇಲೆ ರಕ್ತ ಬಿದ್ದಿತು, ಅದಕ್ಕೆ ಕ್ಷಮೆ ಇರಲಿ. ತಾವು ಕುರ್ಚಿ ಸಮೇತ ಹಿಂದೆ ಸರಿದು, ‘ಸಾಕ್ ಸಾಕ್, ಕರಕೊಂಡ ಹೋಗ್ರಿ’ ಎಂದು ಎಪ್ಪತ್ತು ಬರೆದಿರಿ. ನನ್ನ ಕಡೆ ತಿರುಗಿ, ವಿಶ್ವಾಸದಿಂದಲೇ, ‘ಈಗ ಕೇಸ್ ಕ್ಲಿಯರ್ ಆತು ನೋಡ್ರಿ’ ಎಂದಿರಿ. ಹೌದು ಮಾನ್ಯರೇ, ಕ್ಲಿಯರ್ ಆಯಿತು. ಕೇಂದ್ರದಲ್ಲಿ ಹೆಸರು ಉಳಿಯಿತು. ಮಣಿಕಟ್ಟಿಗೆ ಮೂರು ಹೊಲಿಗೆ ಬಿದ್ದವು. ಈಗ ಆಕೆ ತಟ್ಟೆಯನ್ನು ಒಲೆಯ ಮುಂದೆ ಇಡುವುದಿಲ್ಲ. ಎರಡೂ ಕೈಯಲ್ಲಿ ಎದೆಗೆ ಅವುಚಿಕೊಂಡು, ನಾನು ಬಡಿಸಿ ದೂರ ಸರಿಯುವವರೆಗೆ ಕಾದು, ಹಿತ್ತಲ ಬಾಗಿಲಲ್ಲಿ ನಿಂತೇ ತಿನ್ನುತ್ತಾಳೆ.

ಇಷ್ಟು ಹೊತ್ತು ಆಗದ್ದನ್ನೆಲ್ಲ ಕೇಳಿದೆ. ಆಗುವಂಥದ್ದು ಒಂದಿದೆ. ಪ್ರಮಾಣಪತ್ರದ ಕೆಳಗೆ ಮತ್ತೆ ‘ಅವಧಿ ಐದು ವರ್ಷ’ ಎಂದು ಬರೆದಿದ್ದೀರಿ. ಅಷ್ಟರಲ್ಲಿ ನನಗೆ ಎಪ್ಪತ್ತೊಂದಾಗುತ್ತದೆ. ಆ ಬೆಳಿಗ್ಗೆಯೂ ಇದನ್ನೇ ಮಾಡಬೇಕೇ? ನಾನು ಇಲ್ಲದಿದ್ದರೆ ಯಾರು ಮಾಡಬೇಕು? ಅವರಿಗೆ ನಾನು ಈಗಿನಿಂದಲೇ ಕಲಿಸಬೇಕೇ? ಅದರ ಬದಲು ಆ ಜಾಗದಲ್ಲಿ ‘ಶಾಶ್ವತ’ ಎಂಬ ಒಂದು ಶಬ್ದ ಬರೆದುಕೊಡಬೇಕು. ಮೂರು ನಿಮಿಷವೂ ಬೇಡ. ಕೈಂಡ್ಲಿ ಡೂ ದಿ ನೀಡ್‌ಫುಲ್.

ತಮ್ಮ ವಿಶ್ವಾಸಿ, ಬೇರೆ ಶಬ್ದ ಸಿಗದ ಕಾರಣ,
ಗೋಣೆಪ್ಪ ಎಲಿಗಾರ
ಸವಣೂರು

ತಾ.ಕ.: ಎರಡೂ ಪ್ರಮಾಣಪತ್ರಗಳನ್ನು ಕನ್ನಡಕ ಹಾಕಿಕೊಂಡು ಓದಿದೆ. ಮೂವತ್ತೈದೂ ಸುಳ್ಳು, ಎಪ್ಪತ್ತೂ ಸುಳ್ಳು. ಎರಡನೆಯದರ ಕೊನೆಗೆ ಅಚ್ಚಾಗಿಯೇ ಬಂದ ಒಂದು ಸಾಲಿದೆ: ‘ಪರೀಕ್ಷೆಗೆ ಪೋಷಕರು ಸಂಪೂರ್ಣ ಸಹಕಾರ ನೀಡಿದ್ದಾರೆ.’ ಅದೊಂದನ್ನು ತಿದ್ದುವುದು ಬೇಡ.